ಬೇಡವಾದುದನ್ನು ಬಿಡುವ ಕ್ರಮ

ಒಂದೇ ಬೀದಿಯಲ್ಲಿ ಒಂದೇ ಹೆಸರಿನವರು ಇಬ್ಬರಿದ್ದರೆ ಅಂಚೆಯವನು ಮೊದಲು ಎದುರಾದ ಮನೆಯಲ್ಲಿ ಕಾಗದವನ್ನು ಕೊಟ್ಟು ಹೋಗುವುದುಂಟು. ಗಣಕಯಂತ್ರದ ರೀತಿಯೂ ಬಹುಮಟ್ಟಿಗೆ ಇದೇ. ಕ್ರಮವಿಧಿಗೆ ಬೇಕಾದ ಸಿದ್ಧ ಭಾಗವನ್ನು, ಎಂದರೆ ಮಾಡ್ಯೂಲನ್ನು, ಅದು ಹೆಸರು ಹಿಡಿದು ಹುಡುಕುತ್ತದೆ. ಮೊದಲು ಸಿಕ್ಕಿದುದನ್ನೇ ಎತ್ತಿಕೊಳ್ಳುತ್ತದೆ. ಆದುದರಿಂದ ತಂತ್ರಾಂಶದಲ್ಲಿ ಅನಗತ್ಯವಾದ ಪ್ಯಾಕೇಜು ಉಳಿದರೆ ಸ್ವಲ್ಪ ಸ್ಥಳ ವ್ಯರ್ಥವಾದೀತೇ ಹೊರತು ಬೇರೆ ಕೇಡಿಲ್ಲವೆಂಬ ವಾದವನ್ನು ನಾವು ಒಪ್ಪಲಾರೆವು.

ಪೈಥಾನ್ ಭಾಷೆಯಲ್ಲಿ ಇದಕ್ಕೆ ತಕ್ಕ ನಿದರ್ಶನವಿದೆ. 2014ರಲ್ಲಿ ಹೊರಬಂದ ಅದರ 3.4ನೆಯ ಆವೃತ್ತಿಗೆ ‘ಈನಮ್’ ಎಂಬ ಮಾಡ್ಯೂಲು ಸೇರಿತು. ಹಳೆಯ ಆವೃತ್ತಿಗಳನ್ನು ಬಳಸುವವರ ಸಲುವಾಗಿ ಅದನ್ನೇ ‘ಈನಮ್34’ ಎಂಬ ಪ್ರತ್ಯೇಕ ಪ್ಯಾಕೇಜಾಗಿಯೂ ಒದಗಿಸಿದರು. ಹೊಸ ಆವೃತ್ತಿಯವರಿಗೆ ಅದು ಬೇಕಿರಲಿಲ್ಲ. ಆದರೂ ಇತರ ಪ್ಯಾಕೇಜುಗಳ ಬೆನ್ನು ಹತ್ತಿ ಅವರ ಗಣಕಗಳನ್ನೂ ಹೊಕ್ಕಿತು. 2016ರ 3.6ನೆಯ ಆವೃತ್ತಿಯಲ್ಲಿ ಮೂಲ ಮಾಡ್ಯೂಲಿಗೆ ಹೊಸ ಅಂಶಗಳು ಕೂಡಿದುವು. ಪಠ್ಯದಲ್ಲಿ ಅಕ್ಷರವಿನ್ಯಾಸಗಳನ್ನು ಅರಸುವ, ಅಸಂಖ್ಯ ಕ್ರಮವಿಧಿಗಳಿಗೆ ಆಧಾರವಾದ ಇನ್ನೊಂದು ಮಾಡ್ಯೂಲು ಆ ಹೊಸ ಅಂಶಗಳನ್ನು ಬಳಸತೊಡಗಿತು. ಹುಡುಕುವ ದಾರಿಯಲ್ಲಿ ಹಳೆಯ ಪ್ರತಿಯೇ ಮೊದಲು ಸಿಕ್ಕಿದ ಗಣಕಗಳಲ್ಲಿ ಅವು ದೊರೆಯದೆ, ಯಾವ ದೋಷವೂ ಇಲ್ಲದ ಕ್ರಮವಿಧಿಗಳು ನಿಂತುಹೋದುವು.

ಹಾಗೆಂದು ಬೇಡವೆನಿಸಿದುದನ್ನು ಒಡನೆಯೇ ಕಿತ್ತೊಗೆಯುವುದೂ ವಿವೇಕವಲ್ಲ. ನಮಗೆ ಬೇಡವಾದುದನ್ನೇ ಯಾವುದೋ ಪ್ರಯೋಗಶಾಲೆಯ ಹಳೆಯ ಉಪಕರಣವು ನಂಬಿಕೊಂಡಿರಬಹುದು. ಈ ವಿಷಯದಲ್ಲಿ ಪೈಥಾನಿನವರೇ ಮುಂದೆ ಒಂದು ಮೇಲ್ಪಂಕ್ತಿಯನ್ನು ಹಾಕಿಕೊಟ್ಟರು. ಉಪಯೋಗ ತೀರಿದ ಅಥವಾ ಉತ್ತಮ ಬದಲಿಯುಳ್ಳ ಮಾಡ್ಯೂಲುಗಳನ್ನು ತೆಗೆಯುವ ಸೂಚನೆ 2019ರಲ್ಲಿ ಬಂದಿತು, 2022ರ 3.11ನೆಯ ಆವೃತ್ತಿಯು ಬಳಕೆದಾರರನ್ನು ಎಚ್ಚರಿಸಿತು. 2024ರ ಅಕ್ಟೋಬರಿನಲ್ಲಿ, 3.13ನೆಯ ಆವೃತ್ತಿಯಿಂದ, 19 ಮಾಡ್ಯೂಲುಗಳನ್ನು ಕೈಬಿಟ್ಟರು. ಡೆಬಿಯನ್ ಲಿನಕ್ಸಿನ ಪದ್ಧತಿಯೂ ಗಮನಾರ್ಹವಾದುದು. ಪ್ರತ್ಯೇಕವಾಗಿದ್ದ ಮಾಡ್ಯೂಲು ಪರ್ಲ್ ಭಾಷೆಯ ಮೂಲದಲ್ಲಿಯೇ ಅಡಕವಾದರೆ, ಮೂಲ ಪ್ಯಾಕೇಜು ಆ ಹಳೆಯ ಹೆಸರಿಗೂ ತಾನೇ ಓಗೊಡುವಂತೆ ಏರ್ಪಡಿಸುವರು. ಪ್ಯಾಕೇಜು ಹೋದರೂ ಅದನ್ನು ಕೇಳಿ ಬಂದವರು ಬರಿಗೈಯಲ್ಲಿ ಹಿಂದಿರುಗುವುದಿಲ್ಲ.

ತಾತ್ಕಾಲಿಕ ಪ್ಯಾಕೇಜೊಂದನ್ನು ಸೇರಿಸುವಾಗಲೇ ಅದು ಯಾವ ಆವೃತ್ತಿಯವರೆಗೆ ಮಾತ್ರ ಬೇಕೆಂಬುದನ್ನು ನಮೂದಿಸಿಡತಕ್ಕದ್ದೆಂದು ನಮ್ಮ ಅಭಿಪ್ರಾಯ. ‘ಈನಮ್34’ ಬೇಕೆಂದವರೆಲ್ಲರೂ ಆ ಒಂದು ಸಾಲನ್ನು ಬರೆದಿದ್ದರೆ ಅದು ಹೊಸ ಗಣಕಗಳ ಹೊಸ್ತಿಲನ್ನೇ ದಾಟುತ್ತಿರಲಿಲ್ಲ. ಸೇರಿಸುವವರ ಹೊಣೆ ಸೇರಿಸಿದೊಡನೆ ಮುಗಿಯುವುದಿಲ್ಲ. ಕಾಲ ಬಂದಾಗ, ಮುಂದಾಗಿ ತಿಳಿಸಿ, ಬದಲಿಯನ್ನು ತೋರಿಸಿ, ತೆಗೆಯುವುದೂ ಅದರಲ್ಲಿಯೇ ಸೇರಿದೆ.