ಪರದೆಯ ಮೇಲೆ ವಿಮಾನ, ಪಗಾರವಿಲ್ಲದ ಪಾಠ

ಸಾಹುಕಾರರು ಹತ್ತುವ ವಿಮಾನದ ಮಾತು ನಮ್ಮ ಪತ್ರಿಕೆಯಲ್ಲೇಕೆ ಎಂದು ವಾಚಕರು ಕೇಳಬಹುದು. ಗಿರಣಿಯ ಸೈರನ್ನಿಗೆ ಏಳುವವನಿಗೂ, ಸಂತೆಯ ದಿನ ತಕ್ಕಡಿ ಹಿಡಿದು ಕೂರುವವನಿಗೂ, ಹತ್ತು ಹನ್ನೆರಡು ಮಂದಿ ಕೂರುವ ಖಾಸಗಿ ಜೆಟ್ ವಿಮಾನಕ್ಕೂ ಏನು ನಂಟು? ನಂಟು ಇದೆ. ಆ ವಿಮಾನ ಹತ್ತುವವನು ನಮ್ಮವನಲ್ಲ ನಿಜ. ಅದರ ಹೊಟ್ಟೆಯಡಿ ಮಲಗಿ ಬೋಲ್ಟು ಬಿಗಿಯುವವನು ನಮ್ಮವನು. ನಮ್ಮಂಥ ಊರುಗಳಿಂದಲೇ, ಹೊಲ ಒತ್ತೆಯಿಟ್ಟು, ಅಂಗಡಿಯ ಮೇಲೆ ಸಾಲ ತೆಗೆದು, ಮಕ್ಕಳನ್ನು ಬೆಂಗಳೂರಿಗೆ ವಿಮಾನ ದುರಸ್ತಿಯ ವಿದ್ಯೆಗೆ ಕಳುಹಿಸುವವರಿದ್ದಾರೆ. 2008ರಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆದಾಗ ಹಳೆಯ ಎಚ್.ಎ.ಎಲ್. ನಿಲ್ದಾಣದಿಂದ ಟಿಕೆಟ್ಟು ಕೊಂಡು ಹೋಗುವವರ ವಿಮಾನಗಳು ಹೊರಟುಹೋದವು. ಧಣಿಗಳ, ಮಂತ್ರಿಗಳ ವಿಮಾನಗಳು ಊರಿನ ನಡುವೆಯೇ ಉಳಿದುವು. ಅವುಗಳನ್ನು ಒರೆಸಿ, ತಿದ್ದಿ, ಹಾರುವ ಸ್ಥಿತಿಯಲ್ಲಿಡುವವರು ಈ ಹುಡುಗರು.

ಈಗ ಇವರಿಗೆ ಹೊಸದೊಂದು ವಿದ್ಯೆ ಬಂದಿದೆ. ಇಂಟರ್‌ನೆಟ್ಟಿನ ಮೂಲಕ ಪರಿಚಯ ತರಬೇತಿ. ಗಲ್ಫ್‌ಸ್ಟ್ರೀಮ್, ಫಾಲ್ಕನ್, ಸೈಟೇಶನ್, ಚಾಲೆಂಜರ್, ಯಾವ ವಿಮಾನವಾದರೂ ಸರಿ, ಅದರ ರೆಕ್ಕೆ, ಎಂಜಿನ್, ಹೈಡ್ರಾಲಿಕ್, ವಿದ್ಯುತ್ತು ಎಲ್ಲವನ್ನೂ ಪರದೆಯ ಮೇಲೆ ಚಿತ್ರ ಬಿಡಿಸಿ ತೋರಿಸುತ್ತಾರೆ. ಕೊನೆಗೆ ನಾಲ್ಕು ಪ್ರಶ್ನೆ, ಒಂದು ಪ್ರಮಾಣಪತ್ರ. ಅಮೆರಿಕದ ವಿಮಾನ ಕಂಪನಿಗಳ ಸಂಘವು ರೂಪಿಸಿದ 104ನೆಯ ನಿಯಮಾವಳಿಯಲ್ಲಿ ತರಬೇತಿಗೆ ಐದು ಮೆಟ್ಟಿಲುಗಳಿವೆ. ಇದು ಅದರ ಮೊದಲ ಮೆಟ್ಟಿಲು. ಅಂದರೆ ಹೊಸಿಲು. ಮನೆಯಲ್ಲ.

ಮನೆಯ ಲೆಕ್ಕ ಬೇರೆ ಇದೆ. ಯುರೋಪಿನ ‘ಭಾಗ-66’ ಎಂಬ ಕಾನೂನು, ನಮ್ಮ ದೇಶದ ನಿಯಮವೂ ಅದರ ಮಾದರಿಯಲ್ಲೇ ಆದದ್ದು, ಸ್ಪಷ್ಟವಾಗಿ ಹೇಳುತ್ತದೆ: 30,000 ಕಿಲೋಗ್ರಾಂಗಿಂತ ಭಾರವಾದ ಜೆಟ್ ವಿಮಾನವೊಂದರ ಯಂತ್ರಭಾಗಕ್ಕೆ ಸಹಿ ಹಾಕುವ ಎಂಜಿನಿಯರಿಗೆ ಆ ಒಂದು ಜಾತಿಯ ಬಗ್ಗೆ ಕನಿಷ್ಠ 150 ಗಂಟೆ ಪಾಠ ಬೇಕು. 5,700ರಿಂದ 30,000ದವರೆಗಿನದಕ್ಕೆ 120 ಗಂಟೆ. ಅದರ ಮೇಲೆ ನಿಜವಾದ ವಿಮಾನದ ಮೇಲೆ ಕೈಯಿಟ್ಟು ಮಾಡುವ ಅಭ್ಯಾಸ. ಮೊದಲ ಸಲದವನಾದರೆ ಕೆಲಸದ ಮೇಲೆಯೇ, ಹಿರಿಯನ ಕಣ್ಣೆದುರಿಗೆ ಇನ್ನಷ್ಟು ಕಲಿಕೆ. ಇಷ್ಟಾದ ಮೇಲೆ ಅವನು ‘ಈ ವಿಮಾನ ಹಾರಲು ಯೋಗ್ಯ’ ಎಂದು ಬರೆದು ಹೆಸರು ಹಾಕಬಲ್ಲ. ಹಾಗೆ ಹಾಕಿದ ಸಹಿಗೆ ಹೊಣೆ ಅವನೇ. ಕೆಟ್ಟರೆ ಹೋಗುವುದು ಅವನ ಲೈಸೆನ್ಸು; ವಿಮಾನದ ಒಡೆಯನದಲ್ಲ.

ತಪ್ಪು ತಿಳಿಯಬೇಡಿ. ಪರದೆಯ ಪಾಠವನ್ನು ನಾವು ಹೀಗಳೆಯುವುದಿಲ್ಲ. ವಿದೇಶಕ್ಕೆ ಹೋಗಲಾರದ ಬಡ ಹುಡುಗ ತನ್ನ ಕೋಣೆಯಲ್ಲಿ ಕುಳಿತು ಒಂದು ಕವಾಟ ಹೇಗೆ ತೆರೆಯುತ್ತದೆಂದು ನೋಡಬಲ್ಲನೆಂದರೆ ಅದು ಒಳ್ಳೆಯದೇ. ಅರ್ಥವಾಗದ್ದನ್ನು ಹತ್ತು ಸಲ ತಿರುಗಿಸಿ ನೋಡಬಹುದು, ಮೇಷ್ಟರು ಗದರುವುದಿಲ್ಲ. ಯಂತ್ರದ ಮೇಲೆ ಸಿಟ್ಟು ಮಾಡುವುದು ಸಮಾಜವಾದಿಯ ಲಕ್ಷಣವಲ್ಲ. ಪ್ರಶ್ನೆ ಇಷ್ಟೇ: ಈ ಕಲಿಕೆಯ ಹೊತ್ತು ಯಾರದು? ಖರ್ಚು ಯಾರದು?

ನಾನು ಬಲ್ಲ ಹುಡುಗನೊಬ್ಬನಿದ್ದಾನೆ. ಹನ್ನೆರಡು ಗಂಟೆಯ ರಾತ್ರಿ ಪಾಳಿ ಮುಗಿಸಿ ಬಾಡಿಗೆ ಕೋಣೆಗೆ ಬಂದು, ಅನ್ನಕ್ಕೆ ನೀರಿಟ್ಟು, ಮೊಬೈಲಿನಲ್ಲಿ ಪಾಠ ತೆರೆಯುತ್ತಾನೆ. ಭಾನುವಾರದೊಳಗೆ ಮುಗಿಸಬೇಕೆಂದು ಮೇಲಿನವರ ಅಪ್ಪಣೆ. ಆ ಗಂಟೆಗಳಿಗೆ ಪಗಾರವಿಲ್ಲ, ಮೊಬೈಲಿನ ಕರೆನ್ಸಿ ಅವನದೇ. ಹಿಂದೆ ಇದೇ ಪಾಠಕ್ಕೆ ಹಗಲು ಪಾಳಿಯಲ್ಲಿ ಹ್ಯಾಂಗರಿನ ಪಕ್ಕದ ಕೋಣೆಯಲ್ಲಿ ಕೂರಿಸುತ್ತಿದ್ದರಂತೆ, ಪಾಠದ ನಂತರ ವಿಮಾನದ ಬಳಿಗೆ ಕರೆದೊಯ್ಯುತ್ತಿದ್ದರಂತೆ. “ಅಣ್ಣಾ, ಪಾಠ ನಡೆಯುತ್ತಲೇ ಇತ್ತು, ನನಗೆ ನಿದ್ದೆ ಬಂದಿತ್ತು. ಪ್ರಮಾಣಪತ್ರ ಮಾತ್ರ ಬಂತು” ಎಂದು ಅವನು ನಗುತ್ತ ಹೇಳಿದಾಗ ನನಗೆ ನಗು ಬರಲಿಲ್ಲ. ದೊಡ್ಡ ತರಬೇತಿಗೆ ಕಳುಹಿಸಬೇಕಾದರೆ ಇಷ್ಟು ವರ್ಷ ಬಿಟ್ಟುಹೋಗುವುದಿಲ್ಲವೆಂದು ಕರಾರು ಬರೆದುಕೊಡಬೇಕು. ಬಿಟ್ಟರೆ ಲಕ್ಷಗಟ್ಟಲೆ ದಂಡ. ನಮ್ಮ ಅಜ್ಜಂದಿರು ಇದನ್ನು ಜೀತವೆಂದು ಕರೆಯುತ್ತಿದ್ದರು. ಅವರಿಗೆ ಇಂಗ್ಲಿಷು ಬರುತ್ತಿರಲಿಲ್ಲ.

ಇದು ಗಿರಣಿಯವರಿಗೆ ಹೊಸ ಕಥೆಯೇ? ಎರಡು ಮಗ್ಗ ನೋಡುತ್ತಿದ್ದವನಿಗೆ ನಾಲ್ಕು ಒಪ್ಪಿಸಿದಾಗಲೂ ‘ಹೊಸ ಯಂತ್ರ, ಹೊಸ ಜ್ಞಾನ’ ಎಂದೇ ಹೇಳಿದ್ದರು. ವ್ಯಾಪಾರಿಗಳೇ, ನಿಮಗೂ ನೆನಪಿರಬೇಕು. 2017ರಲ್ಲಿ ಜಿ.ಎಸ್.ಟಿ. ಬಂತು; ಕಂಪ್ಯೂಟರಿನಲ್ಲೇ ಲೆಕ್ಕ ಒಪ್ಪಿಸು ಎಂದರು. ಕಲಿಸಿದವರು ಯಾರು? ತಿಂಗಳು ತಿಂಗಳು ಲೆಕ್ಕಿಗನಿಗೆ ಹಣ ತೆತ್ತವರು ಯಾರು? ತಡವಾದರೆ ದಂಡ ಕಟ್ಟಿದವರು ಯಾರು? ಹೊಸದು ಕಲಿಯುವ ಭಾರವೆಲ್ಲ ಕೆಳಗಿನವನ ಹೆಗಲಿಗೆ, ಅದರ ಉಳಿತಾಯವೆಲ್ಲ ಮೇಲಿನವನ ಜೇಬಿಗೆ.

ಪರಿಚಯವಿದ್ದರೆ ಸಾಕು, ತಪ್ಪು ನಡೆಯದು ಎಂದು ವಾದಿಸುವವರಿಗೆ ಒಂದು ಹಳೆಯ ಘಟನೆ ಹೇಳುತ್ತೇನೆ. ಇದು ಖಾಸಗಿ ಜೆಟ್ಟಿನದಲ್ಲ, ಪ್ರಯಾಣಿಕರ ವಿಮಾನದ್ದು. 1990ರ ಜೂನ್ 10ರಂದು ಬರ್ಮಿಂಗ್‌ಹ್ಯಾಮಿನಿಂದ ಹೊರಟ ಬ್ರಿಟಿಷ್ ಏರ್‌ವೇಸ್ ವಿಮಾನದ ಮುಂಗಾಜು ಸುಮಾರು 17,000 ಅಡಿ ಎತ್ತರದಲ್ಲಿ ಕಿತ್ತುಹೋಯಿತು. ಕ್ಯಾಪ್ಟನ್ ಅರ್ಧ ದೇಹ ಹೊರಗೆ ಸೆಳೆದುಹೋಗಿ ನೇತಾಡಿದ. ಜತೆಯವರು ಕಾಲು ಹಿಡಿದುಕೊಂಡರು. ಸಹಚಾಲಕ ಸೌತಾಂಪ್ಟನ್ನಿನಲ್ಲಿ ಇಳಿಸಿದ. ಪುಣ್ಯಕ್ಕೆ ಎಲ್ಲರೂ ಬದುಕಿದರು. ತನಿಖೆಯಲ್ಲಿ ಕಂಡದ್ದೇನು? ಆ ಗಾಜಿಗೆ ಹಾಕಿದ್ದ 90 ಬೋಲ್ಟುಗಳಲ್ಲಿ 84 ದಪ್ಪದಲ್ಲಿ ಕೂದಲೆಳೆಯಷ್ಟು ಸಣ್ಣವು. ಹಾಕಿದವನು ಹೊಸಬನಲ್ಲ, ಪಾಳಿಯ ಮುಖ್ಯಸ್ಥ, ಅನುಭವಿ. ಆದರೆ ರಾತ್ರಿಯ ಹೊತ್ತು, ಆಳು ಕಡಿಮೆ, ಕೆಲಸ ತಾನೇ ಕೈಗೆತ್ತಿಕೊಂಡ, ಹಳೆಯ ಬೋಲ್ಟಿನ ಪಕ್ಕ ಹೊಸದನ್ನಿಟ್ಟು ಕಣ್ಣಳತೆಯಲ್ಲೇ ಆರಿಸಿದ. ಅವನ ತಪ್ಪಿಲ್ಲವೆಂದು ನಾನು ಹೇಳಲಾರೆ. ಪುಸ್ತಕ ನೋಡಬೇಕಿತ್ತು, ನೋಡಲಿಲ್ಲ. ಆದರೆ ಅವನಿಗೆ ಕೊರತೆಯಾಗಿದ್ದು ವಿಮಾನದ ಪರಿಚಯವೇ? ಅವನ ಪಕ್ಕದಲ್ಲಿ ಇನ್ನೊಂದು ಜೋಡಿ ಕಣ್ಣಿರಲಿಲ್ಲ. ಯಾವ ಪರದೆಯೂ ಆ ಕಣ್ಣುಗಳನ್ನು ಕೊಡಲಾರದು. ಅವಕ್ಕೆ ಸಂಬಳ ಕೊಟ್ಟು ನೇಮಿಸಿಕೊಳ್ಳಬೇಕು.

ಒಡೆಯರಿಗೆ ಕಷ್ಟವಿದೆಯೆಂದು ಯಾರಾದರೂ ಮರುಗಿದರೆ ಬೆಲೆಪಟ್ಟಿ ನೋಡಲಿ. ದೊಡ್ಡ ಖಾಸಗಿ ಜೆಟ್ ಒಂದಕ್ಕೆ ನಮ್ಮ ರೂಪಾಯಿಯಲ್ಲಿ ಐನೂರು ಕೋಟಿಯ ಆಸುಪಾಸು. ಇಷ್ಟು ತೆರಬಲ್ಲವನಿಗೆ ಅದನ್ನು ಕಾಪಾಡುವವನ ನಲವತ್ತು ಗಂಟೆಯ ಪಗಾರ ಭಾರವೇ?

ಕೇಳಿದರೆ ಸಿಕ್ಕೀತೇ ಎನ್ನುವವರೂ ಇದ್ದಾರೆ. ಅಮೆರಿಕದ ವಿಚಿಟಾ ಊರಿನಲ್ಲಿ ಸೈಟೇಶನ್ ಜೆಟ್ ಕಟ್ಟುವ ಟೆಕ್ಸ್‌ಟ್ರಾನ್ ಕಾರ್ಖಾನೆಯ ಸುಮಾರು 5,000 ಕೆಲಸಗಾರರು 2024ರ ಸೆಪ್ಟೆಂಬರಿನಲ್ಲಿ ಸುತ್ತಿಗೆ ಕೆಳಗಿಟ್ಟರು. ಸುಮಾರು ನಾಲ್ಕು ವಾರ ಗೇಟಿನ ಹೊರಗೆ ನಿಂತರು. ಐದು ವರ್ಷಗಳಲ್ಲಿ ಶೇಕಡಾ 31ರಷ್ಟು ಕೂಲಿ ಏರಿಕೆ ಬರೆಸಿಕೊಂಡೇ ಒಳಗೆ ಹೋದರು. ನಮ್ಮಲ್ಲೂ 1980-81ರಲ್ಲಿ ಬೆಂಗಳೂರಿನ ಎಚ್.ಎ.ಎಲ್. ಮೊದಲಾದ ಸರ್ಕಾರಿ ಕಾರ್ಖಾನೆಗಳವರು 77 ದಿನ ಮುಷ್ಕರ ಹೂಡಿದ್ದರು. ಆದರೆ ಖಾಸಗಿ ಜೆಟ್ಟಿನ ಹುಡುಗರು ಇಲ್ಲಿ ನಾಲ್ವರು, ಅಲ್ಲಿ ಆರು ಮಂದಿ ಎಂದು ಚದುರಿಹೋಗಿದ್ದಾರೆ. ಪಾಠವನ್ನೂ ಒಬ್ಬೊಬ್ಬರಾಗಿ ಕೋಣೆಯಲ್ಲೇ ಕಲಿಯುತ್ತಾರೆ. ಒಂದೇ ಬೆಂಚಿನಲ್ಲಿ ಕೂತರೆ ಸಂಬಳದ ಮಾತು ಬಂದೀತೆಂಬ ಭಯವೂ ಧಣಿಗಳಿಗೆ ಇದ್ದೀತು, ಯಾರು ಬಲ್ಲರು.

ಆದ್ದರಿಂದ ಮಕ್ಕಳನ್ನು ಈ ಕೆಲಸಕ್ಕೆ ಕಳುಹಿಸಿದ ತಂದೆತಾಯಂದಿರಿಗೆ ಒಂದು ಮಾತು. ಹಬ್ಬಕ್ಕೆ ಮಗ ಊರಿಗೆ ಬಂದಾಗ ಕೇಳಿ: ಪಾಠದ ಗಂಟೆ ಹಾಜರಿ ಪುಸ್ತಕದಲ್ಲಿ ಬರೆಯುತ್ತಾರೆಯೇ? ಪರದೆಯಲ್ಲಿ ನೋಡಿದ್ದನ್ನು ವಿಮಾನದ ಮೇಲೆ ಹಿರಿಯನೊಬ್ಬ ನಿಂತು ತೋರಿಸಿದನೇ? ಕರಾರಿನ ಪ್ರತಿ ಅವನ ಕೈಯಲ್ಲಿದೆಯೇ? ಇಲ್ಲವೆಂದರೆ ಆ ಕಾಗದಪತ್ರಗಳನ್ನು ಹಿಡಿದು ನಮ್ಮ ಕಚೇರಿಗೆ ಬರಲಿ. ಸಂಜೆ ಆರರ ಮೇಲೆ ಬಾಗಿಲು ತೆರೆದಿರುತ್ತದೆ.