ಹುಟ್ಟಿದ ಮನೆ, ಒಲಿದ ಮನೆ

ನಮ್ಮ ಬಂಧುಗಳ ಮನೆಯಲ್ಲಿ ಹದಿನೇಳು ವರ್ಷದ ಬಾಲಿಕೆಯೊಬ್ಬಳಿದ್ದಾಳೆ. ಎರಡು ವರ್ಷಗಳಿಂದ ಯಾರ ನೆರವೂ ಇಲ್ಲದೆ ಕೊರಿಯಾದ ಭಾಷೆಯನ್ನು ಕಲಿಯುತ್ತಿರುವ ಆಕೆ, 1446ರಲ್ಲಿ ಸೇಜೊಂಗ್ ಅರಸನು ತನ್ನ ಪ್ರಜೆಗಳಿಗಾಗಿ ಪ್ರಕಟಿಸಿದ ಹಂಗುಲ್ ಲಿಪಿಯಲ್ಲಿ ತನ್ನ ಹೆಸರನ್ನು ನೋಟ್‌ಬುಕ್ಕುಗಳ ಮೇಲೆಲ್ಲ ಬರೆದುಕೊಂಡಿದ್ದಾಳೆ. ಬಿಟಿಎಸ್ ಎಂಬ ಗಾಯಕವೃಂದದ ಹಾಡುಗಳನ್ನು ಅರ್ಥಸಹಿತವಾಗಿ ಹಾಡಬಲ್ಲಳು. ಮನೆಯ ಹಿರಿಯರಿಗೆ ಇದು ಸ್ವಕುಲದ್ರೋಹವೆಂದೇ ತೋರಿದೆ. ಅವರ ಸಂಕಟವನ್ನು ನಾನು ಬಲ್ಲೆನಾದರೂ ಅವರ ತೀರ್ಪನ್ನು ಒಪ್ಪಲಾರೆ.

ಅಲ್ಲಿ ನಿನಗೇನು ದೊರೆಯಿತು ಮಗು ಎಂದು ಒಮ್ಮೆ ಕೇಳಿದಾಗ ಅವಳಿತ್ತ ಉತ್ತರ ನನ್ನ ಮನಸ್ಸಿನಲ್ಲಿ ನಾಟಿಕೊಂಡಿದೆ: "ಅಲ್ಲಿ ಯಾರೂ ನನ್ನನ್ನು, ನೀವು ಯಾವ ಪೈಕಿ ಎಂದು ಕೇಳುವುದಿಲ್ಲ." ನಮ್ಮಲ್ಲಿ ಹುಟ್ಟಿನಿಂದ ಬಂದ ಸ್ವತ್ವವು ಒಂಟಿಯಾಗಿ ಬರುವುದಿಲ್ಲ, ಜಾತಿ, ಒಳಪಂಗಡ, ಕೂರತಕ್ಕ ಪಂಕ್ತಿ, ಹೆಣ್ಣಾದವಳು ನಡೆಯತಕ್ಕ ರೀತಿ, ಇಷ್ಟನ್ನೂ ಬೆನ್ನಿಗೆ ಕಟ್ಟಿಕೊಂಡೇ ಅದು ಬರುತ್ತದೆ. ತಾನಾಗಿ ಒಲಿದು ಆರಿಸಿಕೊಂಡ ಸಂಸ್ಕೃತಿಯಾದರೋ ಪರಿಶ್ರಮವನ್ನಲ್ಲದೆ ಪೂರ್ವಜರ ಲೆಕ್ಕವನ್ನು ಕೇಳುವುದಿಲ್ಲ. ಕೊರಿಯಾದಲ್ಲಿಯೂ ಮೇಲುಕೀಳುಗಳು ಇಲ್ಲದಿಲ್ಲ. ಆದರೆ ಅವು ದೂರದಲ್ಲಿರುವ ಈಕೆಯನ್ನು ಮುಟ್ಟಲಾರವು. ತಾನು ಯಾರೆಂಬುದನ್ನು ಇತರರೇ ನಿಶ್ಚಯಿಸಿಬಿಟ್ಟಿರುವಾಗ, ಅದನ್ನು ತಾನೇ ನಿಶ್ಚಯಿಸಬಹುದಾದ ಒಂದು ಎಡೆಯನ್ನರಸಿ ತರುಣ ಹೃದಯವು ಹೊರಡುವುದರಲ್ಲಿ ದ್ರೋಹವೆಲ್ಲಿದೆ?

ತಾರುಣ್ಯದ ಈ ತಳಮಳವನ್ನು ಶಾಸ್ತ್ರೀಯವಾಗಿ ವಿವೇಚಿಸಿದ ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್ ಸ್ವತಃ ಅದನ್ನು ಉಂಡವನು. ಹೆತ್ತ ತಂದೆ ಯಾರೆಂದರಿಯದೆ ಜರ್ಮನಿಯಲ್ಲಿ ಯೆಹೂದ್ಯ ಮಲತಂದೆಯ ಆಶ್ರಯದಲ್ಲಿ ಬೆಳೆದ, ಹೊಂಬಣ್ಣದ ಕೂದಲಿನ ಆ ಹುಡುಗನನ್ನು ಶಾಲೆಯಲ್ಲಿ ಯೆಹೂದ್ಯನೆಂದೂ, ಯೆಹೂದ್ಯರ ಮಂದಿರದಲ್ಲಿ ಪರಕೀಯನೆಂದೂ ಹಂಗಿಸುತ್ತಿದ್ದರು. ಮುಂದೆ ಅಮೆರಿಕದ ಪ್ರಜೆಯಾದಾಗ ಎರಿಕನ ಮಗ ಎಂಬರ್ಥದ ಹೆಸರನ್ನು ತಾನೇ ಇಟ್ಟುಕೊಂಡು ಆತನು ತನಗೆ ತಾನೇ ತಂದೆಯಾದನು.

ಆದರೆ ಕನ್ನಡಿಗರಾದ ನಾವು ದೃಷ್ಟಾಂತಕ್ಕಾಗಿ ಅಷ್ಟು ದೂರ ಹೋಗಬೇಕಾದುದಿಲ್ಲ. ಮನೆಯಲ್ಲಿ ಮರಾಠಿಯನ್ನಾಡುತ್ತ ಬೆಳೆದು, ಪುಣೆಯಲ್ಲಿ ಓದಿ, ಮರಾಠಿಯ ಸಮೃದ್ಧ ಸಾಹಿತ್ಯವು ಕೈಬೀಸಿ ಕರೆಯುತ್ತಿದ್ದ ಕಾಲದಲ್ಲಿ, ಧಾರವಾಡದ ಓಣಿಗಳ ಕನ್ನಡಕ್ಕೆ ಮನಸೋತು ಗೆಳೆಯರ ಗುಂಪನ್ನು ಕಟ್ಟಿದ ತರುಣ ಬೇಂದ್ರೆಯವರನ್ನು ಅಂದು ಯಾರಾದರೂ "ನಿಮ್ಮ ಮನೆಮಾತು ಯಾವುದು" ಎಂದು ಬಾಗಿಲಲ್ಲಿಯೇ ತಡೆದಿದ್ದರೆ ನಮ್ಮ ಗತಿ ಏನಾಗುತ್ತಿತ್ತು? ಅವರು ಮರಾಠಿಯನ್ನು ತೊರೆಯಲೂ ಇಲ್ಲ. ಅದರಲ್ಲಿಯೂ ಬರೆದರು, ಮರಾಠಿಯ ಊರಾದ ಸೊಲ್ಲಾಪುರದಲ್ಲಿ ಕನ್ನಡವನ್ನು ಬೋಧಿಸಿದರು. ಮಾಸ್ತಿಯವರ ಮತ್ತು ಮೇಲುಕೋಟೆಯ ಪುತಿನರ ಮನೆಮಾತು ತಮಿಳು; ಮಂಜೇಶ್ವರದ ಗೋವಿಂದ ಪೈಗಳದು ಕೊಂಕಣಿ. 1853ರಲ್ಲಿ, ಇಪ್ಪತ್ತೊಂದರ ಪ್ರಾಯದಲ್ಲಿ, ಜರ್ಮನಿಯಿಂದ ಮತಪ್ರಚಾರಕ್ಕಾಗಿ ಬಂದಿಳಿದ ಫರ್ಡಿನೆಂಡ್ ಕಿಟ್ಟೆಲ್ ದಶಕಗಳ ಕಾಲ ನಮ್ಮ ನುಡಿಗಳನ್ನು ಹೆಕ್ಕಿ ಹೆಕ್ಕಿ 1894ರಲ್ಲಿ ನಮಗೊಂದು ಮಹಾಕೋಶವನ್ನಿತ್ತನು. ಇವರೆಲ್ಲರೂ ಕನ್ನಡಕ್ಕೆ ಒಲಿದು ಬಂದವರು; ಕನ್ನಡವು ಅವರ ಪೈಕಿಯನ್ನು ವಿಚಾರಿಸದೆ ಒಳಗೆ ಕರೆದುಕೊಂಡಿತು.

ನನ್ನ ಕಳವಳವಿರುವುದು ಇಲ್ಲಿಯೇ. ಇಂದು ಬಿಹಾರದಿಂದಲೋ ಒಡಿಶಾದಿಂದಲೋ ಬೆಂಗಳೂರಿಗೆ ಬಂದು ಅಂಗಡಿಯಲ್ಲಿ ದುಡಿಯುವ ಹುಡುಗನು "ಎಷ್ಟು ಬೇಕು ಸಾರ್" ಎಂದು ತೊದಲಿದರೆ, ನಾವು ಅವನ ಉಚ್ಚಾರಣೆಗೆ ನಕ್ಕು ಹಿಂದಿಯಲ್ಲಿ ಉತ್ತರವನ್ನು ಕೊಡುತ್ತೇವೆ. ಸಂಜೆಗೆ, ಹೊರಗಿನವರು ಕನ್ನಡವನ್ನು ಕಲಿಯುವುದಿಲ್ಲವೆಂದು ವ್ಯಥೆಪಡುತ್ತೇವೆ. ದೂರದ ಸಿಯೋಲಿನ ಹಾಡೊಂದು ನಮ್ಮ ಮಗಳಿಗೆ ತೆರೆದ ಬಾಗಿಲನ್ನು ನಾವು ಆ ಹುಡುಗನ ಮುಖಕ್ಕೆ ಮುಚ್ಚುತ್ತಿದ್ದೇವೆ. ಇನ್ನು ಒಲಿದ ಮನೆಗೆ ಹೋದವರು ಹುಟ್ಟಿದ ಮನೆಯನ್ನು ಮರೆತುಬಿಡುವರೆಂಬ ಭಯವೂ ನನಗೆ ಅಷ್ಟಾಗಿ ಇಲ್ಲ.

ಕಳೆದ ತಿಂಗಳು ಆ ಬಾಲಿಕೆ, ಕೊರಿಯಾದ ಮಕ್ಕಳೂ ತಂದೆಯನ್ನು 'ಅಪ್ಪ' ಎಂದೇ ಕರೆಯುತ್ತಾರೆಂದು ಸಂಭ್ರಮದಿಂದ ಹೇಳಿ, ತನ್ನ ಅಜ್ಜಿಯ ಊರಾದ ಹೊಳಲ್ಕೆರೆಯ ಹೆಸರನ್ನು ಹಂಗುಲ್‌ನಲ್ಲಿ ಬರೆದು ತೋರಿಸಲು ಕುಳಿತಳು. ಆ ಲಿಪಿಯಲ್ಲಿ ನಮ್ಮ ಳಕಾರ, ಲಕಾರ, ರಕಾರಗಳು ಮೂರಕ್ಕೂ ಇರುವುದು ಒಂದೇ ಅಕ್ಷರ. ಊರಿನ ಹೆಸರಿನಲ್ಲಿಯೋ ಮೂರೂ ಇವೆ. ಲೇಖನಿಯನ್ನು ಕೆಳಗಿಟ್ಟು ಅವಳು ಹೊಳಲ್ಕೆರೆ, ಹೊಳಲ್ಕೆರೆ ಎಂದು ತನ್ನಷ್ಟಕ್ಕೆ ನಾಲ್ಕೈದು ಸಲ, ಹಿಂದೆಂದೂ ಕೇಳದ ಮಾತೆಂಬಂತೆ, ಮೆಲ್ಲನೆ ಉಚ್ಚರಿಸಿದಳು.