ಸ್ಕಾಚ್ ಕುಡಿದರೆ ರಸಿಕ, ಪ್ಯಾಕೆಟ್ ಕುಡಿದರೆ ಕುಡುಕ?

ರೆಡ್ ಲೇಬಲ್ಲಾ, ಬ್ಲ್ಯಾಕ್ ಲೇಬಲ್ಲಾ, ಶಿವಾಸ್ ರೀಗಲ್ಲಾ ಅಂತ ಪಾರ್ಟಿಗಳಲ್ಲಿ ದೊಡ್ಡ ಚರ್ಚೆ ನಡೀತದೆ. ಮೂರೂ ಬ್ಲೆಂಡೆಡ್ ಸ್ಕಾಚೇ: ಮಾಲ್ಟ್ ವಿಸ್ಕಿಗೆ ಬೇರೆ ಧಾನ್ಯದ ವಿಸ್ಕಿ ಬೆರೆಸಿದ್ದು. ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇಡಲೇಬೇಕು ಅನ್ನೋದು ಅಲ್ಲಿನ ಕಾನೂನು. ರೆಡ್ ಲೇಬಲ್ ಮೇಲೆ ವಯಸ್ಸು ಬರೆದಿರೋದಿಲ್ಲ. ಬ್ಲ್ಯಾಕ್ ಲೇಬಲ್ 12 ವರ್ಷದ್ದು. ನಮ್ಮ ಕೇಣಿಯ ಕೂಲಿಯವ ಕುಡಿಯೋ ಪ್ಯಾಕೆಟ್ ವಿಸ್ಕಿ? ಹೆಚ್ಚಾಗಿ ಕಬ್ಬಿನ ಕಾಕಂಬಿಯ ಸ್ಪಿರಿಟ್, ಮೇಲೆ ಬಣ್ಣ, ವಾಸನೆ. ಕ್ಯಾರಮೆಲ್ ಬಣ್ಣ ಸ್ಕಾಚಿಗೂ ಹಾಕಬಹುದು, ಅದನ್ನ ಯಾರೂ ಹೇಳೋದಿಲ್ಲ.

ಈಗ ಸುಂಕ ನೋಡಿ. 2023ರ ಜುಲೈ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ ಹೆಚ್ಚುವರಿ ಅಬಕಾರಿ ಸುಂಕವನ್ನ ಎಲ್ಲ ಸ್ಲ್ಯಾಬಿಗೂ ಶೇ. 20 ಏರಿಸಿತು. 2024ರ ಆಗಸ್ಟಿನಲ್ಲಿ ಇಳಿಸಿದ್ದು ಯಾವುದರ ಬೆಲೆ? ದುಬಾರಿ ಬಾಟಲಿಯದ್ದು. 2025ರ ಬ್ರಿಟನ್ ಒಪ್ಪಂದದಲ್ಲಿ ಕೇಂದ್ರವೂ ಸ್ಕಾಚಿನ ಆಮದು ಸುಂಕವನ್ನ ಶೇ. 150ರಿಂದ 75ಕ್ಕೆ ಇಳಿಸಲು ಒಪ್ಪಿತು.

ಪ್ಯಾಕೆಟ್ ಅಗ್ಗ ಮಾಡಿ ಅಂತ ನಾನು ಕೇಳ್ತಿಲ್ಲ. ಕೂಲಿ ದುಡ್ಡು ಮನೆ ಮುಟ್ಟದಿದ್ದರೆ ಒಲೆ ಹಚ್ಚೋಕೆ ಪರದಾಡೋರು ನಮ್ಮ ಕೇರಿಯ ಅಕ್ಕಂದಿರೇ. ಅವರ ಮನೆಯಿಂದ ಹೋದ ಸುಂಕದಲ್ಲಿ ತಾಲೂಕಿಗೊಂದು ವ್ಯಸನಮುಕ್ತಿ ಕೇಂದ್ರ ಕೊಡಿ. ದೊಡ್ಡವರು ಕುಡಿದರೆ 'ಟೇಸ್ಟು', ನಮ್ಮವ ಕುಡಿದರೆ 'ಜಾತಿ ಬುದ್ಧಿ' ಅನ್ನೋ ಮಾತು ಮೊದಲು ನಿಲ್ಲಲಿ.

ಜೈ ಭೀಮ್.